ಚಾಸಿಯಲ್ಲಿ 6 ಪಿಎಸ್‌ಯು ಇದ್ರೂ ಹೊಸ ಬ್ಲೇಡ್ ಆನ್ ಆಗ್ತಿಲ್ಲ, ರಿಡಂಡೆನ್ಸಿ ಮೋಡ್ ಬದಲಾಯಿಸ್ಲಾ?

ರಾತ್ರಿಪಾಳಿ_ರ್‍ಯಾಕ್

ಎಲ್ರಿಗೂ ನಮಸ್ಕಾರ. ಒಂದು ಬ್ಲೇಡ್ ಚಾಸಿ, ಅಂದ್ರೆ ಬ್ಲೇಡ್ ಅನ್ನೋ ತೆಳು ಸರ್ವರ್‌ಗಳನ್ನ ಸಾಲಾಗಿ ತೂರಿಸೋ ಪೆಟ್ಟಿಗೆ, ಅದರ ವಿಷಯ ಕೇಳ್ಬೇಕಿತ್ತು. 16 ಸ್ಲಾಟ್‌ದು, ಹಿಂದೆ 6 ಪವರ್ ಸಪ್ಲೈ (ಪಿಎಸ್‌ಯು), ಒಂದೊಂದೂ 2400 ವಾಟ್. ಇಷ್ಟು ದಿನ 14 ಬ್ಲೇಡ್ ಓಡ್ತಿತ್ತು, ಏನೂ ತಕರಾರಿಲ್ಲ. ಈಗ 15ನೇ ಬ್ಲೇಡ್ ಹಾಕಿದ್ರೆ ಚಾಸಿಯ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಪವರ್ ಸಾಕಾಗಲ್ಲ ಅಂತ ಅದನ್ನ ಆನ್ ಮಾಡೋಕೇ ಬಿಡ್ತಿಲ್ಲ.

ಪವರ್ ಪೇಜಲ್ಲಿ ನೋಡಿದ್ರೆ ಈಗ ಎಳೀತಿರೋದು ಬರೀ 4300 ವಾಟ್, ಇದುವರೆಗಿನ ಪೀಕ್ 5600. ಆರೂ ಸೇರಿ 14400 ವಾಟ್ ಇದೆ ಅಲ್ವಾ, ಅರ್ಧಾನೂ ಬಳಸ್ತಿಲ್ಲ, ಮತ್ತೆ ಸಾಕಾಗಲ್ಲ ಅನ್ನೋದು ಹೇಗೆ? ಅದೇ ಪೇಜಲ್ಲಿ "ಅಲೊಕೇಟೆಡ್" ಅಂತ 6900 ತೋರಿಸ್ತಿದೆ, ಹೊಸ ಬ್ಲೇಡ್ ಕೇಳ್ತಿರೋದು 450. ರಿಡಂಡೆನ್ಸಿ ಮೋಡ್, ಅಂದ್ರೆ ಪವರ್‌ನ ಒಂದು ಭಾಗ ಹೋದ್ರೂ ಓಡೋ ಹಾಗೆ ಎಷ್ಟು ಮೀಸಲು ಇಡ್ಬೇಕು ಅನ್ನೋ ಸೆಟ್ಟಿಂಗ್, ಸದ್ಯಕ್ಕೆ ಗ್ರಿಡ್ ರಿಡಂಡೆನ್ಸಿ. ಅದನ್ನ ಪಿಎಸ್‌ಯು ರಿಡಂಡೆನ್ಸಿಗೆ ಬದಲಾಯಿಸಿದ್ರೆ ತಕ್ಷಣ ಆನ್ ಆಗತ್ತೆ ಅಂತ ಜೊತೆಲಿ ಕೆಲಸ ಮಾಡೋರು ಹೇಳ್ತಿದಾರೆ. ಮಾಡ್ಲಾ? ಈ ಚಾಸಿನ ವೈರಿಂಗ್ ಮಾಡಿದ್ದು ನಾನಲ್ಲ, ಹಳೇ ಟೀಮ್ ಬಿಟ್ಟು ಹೋಗಿದ್ದು.

ಹನ್ನೆರಡು_ವೋಲ್ಟ್

ಸದ್ಯಕ್ಕೆ ಮೋಡ್ ಮುಟ್ಬೇಡಿ. ಮೊದಲು ಲೆಕ್ಕ ಅರ್ಥ ಮಾಡ್ಕೊಳ್ಳಿ, ಆಮೇಲೆ ಏನ್ ಬೇಕಾದ್ರೂ ಮಾಡಿ.

ಗ್ರಿಡ್ ರಿಡಂಡೆನ್ಸಿ ಅಂದ್ರೆ ಎರಡು ಫೀಡ್‌ನಲ್ಲಿ, ಅಂದ್ರೆ ಕರೆಂಟ್ ಬರೋ ಎರಡು ಬೇರೆ ಲೈನ್‌ನಲ್ಲಿ, ಒಂದು ಪೂರ್ತಿ ಸತ್ತು ಹೋದ್ರೂ ಚಾಸಿ ಓಡ್ಬೇಕು ಅನ್ನೋ ಕರಾರು. 3 ಪಿಎಸ್‌ಯು ಎ ಫೀಡ್‌ಗೆ, 3 ಬಿ ಫೀಡ್‌ಗೆ. ಹಂಗಾಗಿ ಕಂಟ್ರೋಲರ್ ಲೆಕ್ಕಕ್ಕೆ ತಗೊಳ್ಳೋದು 14400 ಅಲ್ಲ, ಉಳಿಯೋ ಮೂರರ 7200. ಪಿಎಸ್‌ಯು ರಿಡಂಡೆನ್ಸಿ, ಅಂದ್ರೆ ಎನ್+1 ಮೋಡ್‌ನಲ್ಲಿ ಒಂದೇ ಒಂದು ಸಪ್ಲೈ ಹೋಗಬಹುದು ಅಂತ ಮಾತ್ರ ಅಂದ್ಕೊಳ್ಳತ್ತೆ, ಅದಕ್ಕೆ ಐದರ 12000 ವಾಟ್ ಬಜೆಟ್ ಕೊಡತ್ತೆ. ಮೂರನೇ ಮೋಡ್ ರಿಡಂಡೆನ್ಸಿ ಇಲ್ಲದ್ದು, ಅಲ್ಲಿ ಪೂರ್ತಿ 14400.

ಇನ್ನೊಂದು, ಕಂಟ್ರೋಲರ್ ನೋಡೋದು ಈ ಕ್ಷಣದ 4300 ಅಲ್ಲ. ಪ್ರತಿ ಬ್ಲೇಡ್ ಆನ್ ಆಗೋಕೆ ಮುಂಚೆ ತನ್ನೊಳಗಿನ ಪ್ರೊಸೆಸರ್, ಮೆಮೊರಿ, ಕಾರ್ಡು ಎಲ್ಲಾ ಲೆಕ್ಕ ಹಾಕಿ ನಂಗೆ ಗರಿಷ್ಠ ಇಷ್ಟು ಬೇಕಾಗಬಹುದು ಅಂತ ಕೇಳತ್ತೆ, ಕಂಟ್ರೋಲರ್ ಅಷ್ಟನ್ನ ಎತ್ತಿಡತ್ತೆ. ಆ ಎತ್ತಿಟ್ಟಿದ್ದರ ಮೊತ್ತವೇ ನಿಮ್ಮ 6900. ಅದಕ್ಕೆ 450 ಸೇರಿಸಿದ್ರೆ 7350, 7200 ದಾಟ್ತು, ಬಾಗಿಲು ಹಾಕ್ತು. ಅದು ಸರಿಯಾಗೇ ಕೆಲಸ ಮಾಡ್ತಿದೆ.

ಹೊಸಬ_ಸಿಸಾಡ್ಮಿನ್

ಮಧ್ಯೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ಮಲ್ಲಿ ಬ್ಲೇಡ್ ಇಲ್ಲ, ಮಾಮೂಲಿ 2ಯು (ಎರಡು ಯೂನಿಟ್ ಎತ್ತರದ) ಸರ್ವರ್, ಎರಡು 750 ವಾಟ್ ಪಿಎಸ್‌ಯು. ಅದ್ರಲ್ಲೂ ಇದೇ ಲೆಕ್ಕಾನಾ? ಎರಡೂ ಸೇರಿ 1500 ಸಿಗತ್ತೆ ಅಂದ್ಕೊಂಡು ಗ್ರಾಫಿಕ್ಸ್ ಕಾರ್ಡ್ ಹಾಕೋಣ ಅಂತ ಮಾತಾಡ್ತಿದೀವಿ.

ಹನ್ನೆರಡು_ವೋಲ್ಟ್

ಅದೇ ಲೆಕ್ಕ, ಇನ್ನೂ ಸರಳ. ಒಬ್ಬನೇ ಹೊರಬಲ್ಲ ಮೂಟೆನ ಇಬ್ರು ಹೊತ್ರೆ ಅದು ರಿಡಂಡೆನ್ಸಿ, ಇಬ್ರು ಕೈ ಹಾಕಿದ್ರೆ ಮಾತ್ರ ಏಳೋ ಮೂಟೆ ಆದ್ರೆ ಅಲ್ಲಿ ರಿಡಂಡೆನ್ಸಿ ಅನ್ನೋದೇ ಇಲ್ಲ. ನಿಮ್ಮ ಸರ್ವರ್ ಪೀಕ್ 750 ಒಳಗೆ ಇರ್ಬೇಕು.

ಒಳಗೆ ಏನಾಗತ್ತೆ ಅಂದ್ರೆ ಎರಡೂ ಪಿಎಸ್‌ಯು 12 ವೋಲ್ಟ್ ಔಟ್‌ಪುಟ್ ಒಂದೇ ಬಸ್‌ಗೆ (ಎಲ್ಲಾ ಭಾಗಕ್ಕೂ ಕರೆಂಟ್ ಒಯ್ಯೋ ಸಾಮಾನ್ಯ ಲೈನ್) ಸೇರತ್ತೆ, ಇಬ್ರೂ ಕರೆಂಟ್ ಹಂಚ್ಕೊಂಡು ಹೆಚ್ಚುಕಮ್ಮಿ ಅರ್ಧರ್ಧ ಕೊಡ್ತಾರೆ. ಸೇರೋ ಜಾಗದಲ್ಲಿ ಓರಿಂಗ್ ಮಾಸ್‌ಫೆಟ್ ಇರತ್ತೆ, ಅದು ಕರೆಂಟನ್ನ ಒಂದೇ ದಿಕ್ಕಿಗೆ ಬಿಡತ್ತೆ. ಒಂದು ಪಿಎಸ್‌ಯು ಒಳಗೇ ಶಾರ್ಟ್ ಆದ್ರೂ ಅದು ಬಸ್‌ನ ವೋಲ್ಟೇಜ್ ಕೆಳಗೆ ಎಳ್ಕೊಂಡು ಹೋಗಬಾರ್ದು ಅಂತ ಈ ವ್ಯವಸ್ಥೆ. ಒಂದು ಸತ್ತ ಕ್ಷಣಕ್ಕೆ ಇನ್ನೊಂದರ ಮೇಲೆ ಅರ್ಧ ಇದ್ದ ಲೋಡ್ ಪೂರ್ತಿ ಬೀಳತ್ತೆ, ಮಿಲಿಸೆಕೆಂಡ್‌ಗಳಲ್ಲಿ.

ಆಗ ಆ ಲೋಡ್ 900 ವಾಟ್ ಇದ್ರೆ? ಒಳ್ಳೆ ಸರ್ವರ್‌ಗಳಲ್ಲಿ ಪಿಎಸ್‌ಯು ಒಂದು ಅಲರ್ಟ್ ಲೈನ್ ಎಳೆದು ಪ್ರೊಸೆಸರ್‌ನ ತಕ್ಷಣ ನಿಧಾನ ಮಾಡಿಸತ್ತೆ, ಆಪರೇಟಿಂಗ್ ಸಿಸ್ಟಮ್‌ಗೆ ಗೊತ್ತಾಗೋಕೆ ಮುಂಚೆನೇ ಹಾರ್ಡ್‌ವೇರ್ ಮಟ್ಟದಲ್ಲಿ ನಡೆದುಹೋಗತ್ತೆ. ಉಳಿದ ಪಿಎಸ್‌ಯು ಕೂಡ ಸ್ವಲ್ಪ ಹೊತ್ತು ಓವರ್‌ಲೋಡ್ ತಡ್ಕೊಳ್ಳತ್ತೆ. ಆದ್ರೆ ಗ್ರಾಫಿಕ್ಸ್ ಕಾರ್ಡ್ ಆ ಅಲರ್ಟ್‌ಗೆ ಸ್ಪಂದಿಸದಿದ್ರೆ ಉಳಿದಿದ್ದೂ ಓವರ್‌ಕರೆಂಟ್ ಅಂತ ಆಫ್ ಆಗತ್ತೆ, ಮಷಿನ್ ಕಪ್ಪು. ಕಾರ್ಡ್ ಹಾಕೋದಿದ್ರೆ ಎರಡೂ ಪಿಎಸ್‌ಯು ದೊಡ್ಡದಕ್ಕೆ ಬದಲಾಯಿಸಿ, ಒಂದನ್ನ ಮಾತ್ರ ಬದಲಾಯಿಸಿ ಒಂದು ಹಳೇದು ಒಂದು ಹೊಸದು ಅಂತ ಮಿಕ್ಸ್ ಮಾಡ್ಬೇಡಿ, ಹೆಚ್ಚಿನ ಸರ್ವರ್‌ಗಳು ಮಿಸ್‌ಮ್ಯಾಚ್ ಎರರ್ ಕೊಟ್ಟು ಒಂದನ್ನ ಲೆಕ್ಕಕ್ಕೇ ತಗೊಳ್ಳಲ್ಲ.

ಹಾಂ ಇನ್ನೊಂದು, ಲೇಬಲ್ ಮೇಲಿನ ವಾಟ್ ಯಾವ ವೋಲ್ಟೇಜ್‌ಗೆ ಅಂತ ನೋಡಿ. 1400 ವಾಟ್‌ನ ಕೆಲವು ಸಪ್ಲೈಗಳು 200–240 ವೋಲ್ಟ್ ಕೊಟ್ರೆ ಮಾತ್ರ 1400, 100–120 ವೋಲ್ಟ್‌ನಲ್ಲಿ ಅದೇ ಡಬ್ಬ 1050ಕ್ಕೆ ಇಳಿಯತ್ತೆ.

ಬೇಗ_ಮುಗಿಸಿ

ಎಲ್ಲಾ ಸರಿ ಆದ್ರೆ ಮೂಲ ಪ್ರಶ್ನೆಗೆ ಬನ್ನಿ. ಪೀಕ್ 5600, ಹೊಸ ಬ್ಲೇಡ್ ಸೇರಿದ್ರೆ ಜಾಸ್ತಿ ಅಂದ್ರೆ 6050. ಒಂದು ಫೀಡ್ ಹೋದ್ರೂ ಮೂರು ಪಿಎಸ್‌ಯು 7200 ಕೊಡತ್ತೆ. ಅಂದ್ಮೇಲೆ ಮೋಡ್ ಎನ್+1 ಗೆ ಹಾಕಿದ್ರೂ ವಾಸ್ತವದಲ್ಲಿ ಫೀಡ್ ಹೋದಾಗ ಏನೂ ಆಗಲ್ಲ. ಪಿಎಸ್‌ಯು ಅದೇ, ಕೇಬಲ್ ಅದೇ, ಸೆಟ್ಟಿಂಗ್ ಒಂದು ಬದಲಾಗಿದೆ ಅಷ್ಟೆ. ಕಾಗದದ ಮೇಲಿನ ಗರಿಷ್ಠಕ್ಕೆ ಹೆದರಿ ಎರಡು ಸ್ಲಾಟ್ ಖಾಲಿ ಬಿಡೋದು ದುಡ್ಡು ದಂಡ. ನಾನು ನೋಡ್ಕೊಳ್ಳೋ ಚಾಸಿಗಳೆಲ್ಲಾ ಎನ್+1 ನಲ್ಲೇ ಇದೆ.

ಪಿಡಿಯು_ಬ್ರೇಕರ್

ಅವತ್ತಿನ ಅಂಕಿಗೆ ನಿಮ್ಮ ಮಾತು ನಿಜ, ಬೇಗ_ಮುಗಿಸಿ ಅವ್ರೆ. ಆದ್ರೆ ಎನ್+1 ಹಾಕಿದ ಮರುಕ್ಷಣದಿಂದ ಆ 7200 ಗೆರೆ ಕಾಯೋರು ಯಾರೂ ಇರಲ್ಲ. ಮುಂದಿನ ತಿಂಗಳು 16ನೇ ಬ್ಲೇಡ್ ಬರತ್ತೆ, ಯಾರೋ ಮೆಮೊರಿ ಡಬಲ್ ಮಾಡ್ತಾರೆ, ಯಾರೋ ಒಂದು ವೀಕೆಂಡ್ ಎಲ್ಲಾ ಬ್ಲೇಡ್‌ನಲ್ಲೂ ಒಟ್ಟಿಗೆ ಬ್ಯಾಚ್ ಜಾಬ್ ಓಡಿಸ್ತಾರೆ, ಕಂಟ್ರೋಲರ್ ಎಲ್ಲದಕ್ಕೂ ಹೂಂ ಅನ್ನತ್ತೆ, ಯಾಕಂದ್ರೆ ನೀವೇ 12000 ವರೆಗೆ ಅನುಮತಿ ಕೊಟ್ಟಿದೀರಿ. ಲೋಡ್ 8000 ಇರುವಾಗ ಒಂದು ಫೀಡ್ ಹೋದ್ರೆ ಕಂಟ್ರೋಲರ್ ಬ್ಲೇಡ್‌ಗಳನ್ನ ನಿಧಾನ ಮಾಡತ್ತೆ, ಸಾಲದಿದ್ರೆ ಕಡಿಮೆ ಪ್ರಯಾರಿಟಿ ಇರೋದನ್ನ ಆಫ್ ಮಾಡತ್ತೆ, ಅದೂ ಟೈಮ್‌ಗೆ ಆಗ್ಲಿಲ್ಲ ಅಂದ್ರೆ ಉಳಿದ ಮೂರೂ ಓವರ್‌ಲೋಡ್ ಆಗಿ 15 ಬ್ಲೇಡೂ ಒಟ್ಟಿಗೆ ಬೀಳತ್ತೆ.

ಮತ್ತೆ ಯೋಚನೆ ಮಾಡಿ, ಒಂಟಿ ಪಿಎಸ್‌ಯು ಸಾಯೋದು ಒಂದು ಥರದ ಘಟನೆ ಅಷ್ಟೆ. ಬ್ರೇಕರ್ ಟ್ರಿಪ್, ಯುಪಿಎಸ್ ಮೆಂಟೆನೆನ್ಸ್, ಯಾರೋ ತಪ್ಪಾಗಿ ಪಿಡಿಯು (ಫೀಡ್‌ನ ಕರೆಂಟನ್ನ ಸರ್ವರ್‌ಗಳಿಗೆ ಹಂಚೋ ಪಟ್ಟಿ) ಸ್ವಿಚ್ ಆರಿಸೋದು, ಇವೆಲ್ಲದ್ರಲ್ಲೂ ಹೋಗೋದು ಮೂರು ಒಟ್ಟಿಗೆ. ಎನ್+1 ಈ ಮೂರನ್ನ ಲೆಕ್ಕಕ್ಕೇ ಇಟ್ಕೊಂಡಿಲ್ಲ. ಫೀಡ್ ಒಂದೇ ಇರೋ ಜಾಗದಲ್ಲಿ ಎನ್+1 ಸರಿಯಾದ ಆಯ್ಕೆ, ಎರಡು ಫೀಡ್ ಎಳೆದು ಖರ್ಚು ಮಾಡಿರೋ ಜಾಗದಲ್ಲಿ ಅದನ್ನ ಹಾಕೋದು ಆ ಖರ್ಚನ್ನ ವ್ಯರ್ಥ ಮಾಡಿದ ಹಾಗೆ.

ರಾತ್ರಿಪಾಳಿ ಅವ್ರೆ, ನಿಮ್ಮ ಪಿಡಿಯು ಎಷ್ಟು ಆಂಪ್? ಸಿಂಗಲ್ ಫೇಸಾ ತ್ರೀ ಫೇಸಾ? ಇದು ಯಾರೂ ಕೇಳಲಿಲ್ಲ.

ರಾತ್ರಿಪಾಳಿ_ರ್‍ಯಾಕ್

ಎರಡು ಪಿಡಿಯು, ಎರಡೂ ಸಿಂಗಲ್ ಫೇಸ್ 32 ಆಂಪ್, 230 ವೋಲ್ಟ್. ಆ ರ್‍ಯಾಕ್‌ನಲ್ಲಿ ಈ ಚಾಸಿ ಬಿಟ್ರೆ ಒಂದು ಮ್ಯಾನೇಜ್‌ಮೆಂಟ್ ಸ್ವಿಚ್ (ಚಾಸಿನ ದೂರದಿಂದ ನೋಡ್ಕೊಳ್ಳೋಕೆ ಇರೋ ನೆಟ್‌ವರ್ಕ್ ಸ್ವಿಚ್) ಇದೆ ಅಷ್ಟೆ, ಅದಕ್ಕೆ ಒಂದೇ ಪವರ್ ಕಾರ್ಡ್ (ಕೇಬಲ್), ಬಿ ಪಿಡಿಯುಗೆ ಹಾಕಿದೆ.

ಪಿಡಿಯು_ಬ್ರೇಕರ್

ಹಾಗಾದ್ರೆ ನಿಮ್ಮ ನಿಜವಾದ ಮಿತಿ 7200 ಅಲ್ಲವೇ ಅಲ್ಲ.

7200 ವಾಟ್ ಒಂದೇ ಪಿಡಿಯು ಮೇಲೆ ಬಂದ್ರೆ 230 ವೋಲ್ಟ್‌ಗೆ 31.3 ಆಂಪ್. ಅದೂ ನಿಮ್ಮ ಚಾಸಿ ತೋರಿಸೋದು ಇನ್‌ಪುಟ್ ವಾಟ್ ಆಗಿದ್ರೆ. ಔಟ್‌ಪುಟ್ ವಾಟ್ ಆಗಿದ್ರೆ 93% ಎಫಿಶಿಯೆನ್ಸಿ ಹಿಡಿದ್ರೂ ಗೋಡೆಯಿಂದ ಎಳೆಯೋದು ಸುಮಾರು 7740, ಅಂದ್ರೆ 33.7 ಆಂಪ್. 32 ಆಂಪ್ ಬ್ರೇಕರ್ ಅದನ್ನ ಸ್ವಲ್ಪ ಹೊತ್ತು ತಡ್ಕೊಂಡು ಬಿಸಿಯಾಗಿ ಟ್ರಿಪ್ ಆಗಬಹುದು. ಆಗ ನೋಡಿ ಎಂಥಾ ಪರಿಸ್ಥಿತಿ, ಎ ಫೀಡ್ ಹೋಯ್ತು, ಚಾಸಿ ಏನೂ ಆಗದ ಹಾಗೆ ಬಿ ಮೇಲೆ ನಿಂತಿತು, ಎಲ್ರೂ ರಿಡಂಡೆನ್ಸಿ ಕೆಲಸ ಮಾಡ್ತು ಅಂತ ನಿಟ್ಟುಸಿರು ಬಿಟ್ರು, ಸ್ವಲ್ಪ ಹೊತ್ತಾದ್ಮೇಲೆ ಬಿ ಬ್ರೇಕರೂ ಟ್ರಿಪ್. ಆರು ಪಿಎಸ್‌ಯು ಒಂದೂ ಕೆಟ್ಟಿಲ್ಲ, ಆದ್ರೂ ಎಲ್ಲಾ ಕತ್ತಲೆ.

ನಿರಂತರ ಲೋಡ್ ಬ್ರೇಕರ್ ರೇಟಿಂಗ್‌ನ 80% ಮೀರಬಾರ್ದು ಅನ್ನೋದು ಉತ್ತರ ಅಮೆರಿಕದ ಎಲೆಕ್ಟ್ರಿಕಲ್ ಕೋಡ್‌ನಲ್ಲಿರೋ ನಿಯಮ, ಬೇರೆ ಕಡೆಗಳಲ್ಲೂ ಹಾಗೇ ಲೆಕ್ಕ ಹಾಕೋದು ಒಳ್ಳೇದು. 32ರ 80% ಅಂದ್ರೆ 25.6 ಆಂಪ್, 230 ವೋಲ್ಟ್‌ಗೆ 5888 ವಾಟ್. ನಿಮ್ಮ ಪೀಕ್ 5600 ಈಗಲೇ 24.3 ಆಂಪ್. ಇನ್ನು ಎಷ್ಟು ಜಾಗ ಉಳೀತು ನೋಡಿ. ಎರಡೂ ಫೀಡ್ ಇರುವಾಗ ಪ್ರತಿ ಪಿಡಿಯು 40% ದಾಟಬಾರ್ದು ಅಂತ ಹೇಳೋದು ಇದಕ್ಕೇ, ಒಂದು ಹೋದಾಗ ಇನ್ನೊಂದು 80ಕ್ಕೆ ಬಂದು ನಿಲ್ಲತ್ತೆ.

ತ್ರೀ ಫೇಸ್ 32 ಆಂಪ್ ಪಿಡಿಯು ಆಗಿದ್ರೆ ಮೂರು ಪಿಎಸ್‌ಯುನ ಮೂರು ಫೇಸ್‌ಗೆ ಹಂಚಬಹುದಿತ್ತು, ಪ್ರತಿ ಫೇಸ್ ಮೇಲೆ 10–11 ಆಂಪ್ ಅಷ್ಟೆ, ಈ ತಲೆನೋವೇ ಇರ್ತಿರ್ಲಿಲ್ಲ.

ಕೇಬಲ್_ಲೇಬಲ್

ಲೆಕ್ಕ ಎಲ್ಲಾ ಚೆನ್ನಾಗಿದೆ, ಆದ್ರೆ ಅದಕ್ಕಿಂತ ಮುಂಚೆ ಒಂದು ಸಲ ರ್‍ಯಾಕ್ ಹಿಂದೆ ಹೋಗಿ ನಿಂತ್ಕೊಳ್ಳಿ. ಯಾವ ಪಿಎಸ್‌ಯುನ ಕಾರ್ಡ್ ಯಾವ ಪಿಡಿಯುಗೆ ಹೋಗಿದೆ ಅಂತ ಚಾಸಿಗೆ ಗೊತ್ತಾಗಲ್ಲ. ಅದು ಸ್ಲಾಟ್ ನಂಬರ್ ನೋಡಿ ಅಂದಾಜು ಮಾಡ್ಕೊಳ್ಳತ್ತೆ ಅಷ್ಟೆ. ಡೆಲ್ ಎಂ1000ಇ ಮತ್ತು ಎಚ್‌ಪಿ ಸಿ7000 ಎರಡರಲ್ಲೂ ಆರು ಪಿಎಸ್‌ಯು, 1ರಿಂದ 3 ಒಂದು ಫೀಡ್‌ಗೆ, 4ರಿಂದ 6 ಇನ್ನೊಂದಕ್ಕೆ ಹಾಕ್ಬೇಕು. ಸಿಸ್ಕೋ ಯುಸಿಎಸ್ 5108 ಆದ್ರೆ ನಾಲ್ಕು, 1-2 ಒಂದು ಕಡೆ 3-4 ಇನ್ನೊಂದು ಕಡೆ. ಯಾರಾದ್ರೂ 1, 3, 5 ಎ ಗೆ, 2, 4, 6 ಬಿ ಗೆ ಹಾಕಿದ್ರೆ ಎರಡೂ ಕಡೆ ಮೂರು ಮೂರೇ ಇರೋದ್ರಿಂದ ಹೇಗೋ ನಡೆಯತ್ತೆ, ಆದ್ರೆ ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು ಅಂತ ಆಗಿದ್ರೆ ಪೇಜಲ್ಲಿ ಎಲ್ಲಾ ಹಸಿರು ತೋರಿಸ್ತಾ ಇರತ್ತೆ, ಒಳಗೆ ಗ್ರಿಡ್ ರಿಡಂಡೆನ್ಸಿ ಇರೋದೇ ಇಲ್ಲ.

ಕೇಬಲ್ ಹಿಡಿದು ನೋಡೋಕೆ ಮುಂಚೆ ಸುಲಭದ ಪರೀಕ್ಷೆ ಒಂದಿದೆ. ಎರಡೂ ಪಿಡಿಯು ಡಿಸ್‌ಪ್ಲೇಲಿ ಆಂಪ್ ಎಷ್ಟಿದೆ ನೋಡಿ. 4300 ವಾಟ್ ಅಂದ್ರೆ ಒಟ್ಟು 18.7 ಆಂಪ್, ಸರಿಯಾಗಿದ್ರೆ ಎರಡೂ ಕಡೆ 9ರ ಆಸುಪಾಸು ಇರ್ಬೇಕು. ಮತ್ತೆ ಆ ಎರಡು ಪಿಡಿಯು ಮೇಲೆ ಹೋಗಿ ಎಲ್ಲಿ ಸೇರತ್ತೆ ಅಂತಾನೂ ವಿಚಾರಿಸಿ. ಎರಡೂ ಒಂದೇ ಯುಪಿಎಸ್‌ಗೆ ಹೋದ್ರೆ ಎ ಮತ್ತು ಬಿ ಅನ್ನೋದು ಬರೀ ಸ್ಟಿಕ್ಕರ್.

ಹೊಸಬ_ಸಿಸಾಡ್ಮಿನ್

ನಮ್ಮ ಒಂದು ಸರ್ವರ್‌ನಲ್ಲಿ ಈಗಷ್ಟೇ ನೋಡಿದೆ, ಪಿಎಸ್‌ಯು 1 ರಲ್ಲಿ 210 ವಾಟ್, ಪಿಎಸ್‌ಯು 2 ರಲ್ಲಿ ಬರೀ 8 ವಾಟ್ ತೋರಿಸ್ತಿದೆ! ಎರಡನೇದು ಕೆಟ್ಟಿದ್ಯಾ? ಎರರ್ ಏನೂ ಇಲ್ಲ, ಲೈಟ್ ಹಸಿರು.

ಹನ್ನೆರಡು_ವೋಲ್ಟ್

ಕೆಟ್ಟಿಲ್ಲ, ಮಲಗಿದೆ. ಹಾಟ್ ಸ್ಪೇರ್ ಅಂತಾರೆ, ಕೆಲವರು ಕೋಲ್ಡ್ ರಿಡಂಡೆನ್ಸಿ ಅಂತಾನೂ ಕರೀತಾರೆ. ಪಿಎಸ್‌ಯುಗೆ ತೀರಾ ಕಡಿಮೆ ಲೋಡ್ ಕೊಟ್ರೆ ಎಫಿಶಿಯೆನ್ಸಿ ಬೀಳತ್ತೆ. 80 ಪ್ಲಸ್ ಅನ್ನೋ ಎಫಿಶಿಯೆನ್ಸಿ ಮಾನದಂಡದ ಪ್ಲಾಟಿನಮ್ ಸರ್ಟಿಫಿಕೇಟ್‌ನಲ್ಲಿ 230 ವೋಲ್ಟ್ ರಿಡಂಡೆಂಟ್ ವರ್ಗಕ್ಕೆ 20% ಲೋಡ್‌ಗೆ 90%, 50% ಲೋಡ್‌ಗೆ 94%, ಪೂರ್ತಿ ಲೋಡ್‌ಗೆ 91% ಅಂತ ಇದೆ. 10% ಲೋಡ್‌ಗೆ ಏನಿರ್ಬೇಕು ಅಂತ ಪ್ಲಾಟಿನಮ್ ಹೇಳಲ್ಲ, ಅದಕ್ಕಿಂತ ಮೇಲಿನ ಟೈಟಾನಿಯಮ್ ಹೇಳತ್ತೆ. 218 ವಾಟ್‌ನ ಎರಡು 750ರ ಮಧ್ಯೆ ಹಂಚಿದ್ರೆ ಒಂದೊಂದೂ 15% ಗಿಂತ ಕೆಳಗೆ ಓಡತ್ತೆ, ಅದರ ಬದಲು ಒಂದಕ್ಕೇ ಕೊಟ್ರೆ 29% ಗೆ ಬರತ್ತೆ, ಸ್ವಲ್ಪ ಕರೆಂಟ್ ಉಳಿಯತ್ತೆ. ಡೆಲ್ ಸರ್ವರ್ ಒಳಗಿನ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಆದ ಐಡ್ರ್ಯಾಕ್‌ನಲ್ಲಿ ಲೋಡ್ 50% ದಾಟಿದ್ರೆ ಮಲಗಿದ್ದನ್ನ ಎಬ್ಬಿಸತ್ತೆ, 20% ಕೆಳಗಿಳಿದ್ರೆ ಮತ್ತೆ ಮಲಗಿಸತ್ತೆ. ಮೊದಲನೇದು ಸತ್ರೆ ಅಂತೂ ತಕ್ಷಣ ಎದ್ದೇಳತ್ತೆ.

ಇದು ರಿಡಂಡೆನ್ಸಿಗೆ ತೊಂದ್ರೆ ಅಲ್ಲ, ಆದ್ರೆ ಪಿಡಿಯು ಲೆಕ್ಕಕ್ಕೆ ತೊಂದ್ರೆ. ಒಂದು ರ್‍ಯಾಕ್‌ನಲ್ಲಿ 20 ಸರ್ವರ್ ಇದೆ, ಎಲ್ಲದರಲ್ಲೂ ಪಿಎಸ್‌ಯು 1 ಪ್ರೈಮರಿ, ಎಲ್ಲಾ ಪಿಎಸ್‌ಯು 1 ಎ ಪಿಡಿಯುಗೆ ಹಾಕಿದೀರಿ ಅಂದ್ರೆ ಇಡೀ ರ್‍ಯಾಕ್ ಎ ಮೇಲೆ ಕೂತಿರತ್ತೆ, ಬಿ ಖಾಲಿ. 40% ನಿಯಮ ನೋಡೋರಿಗೆ ಎ ಯಾವಾಗಲೂ ಕೆಂಪು. ಅರ್ಧ ಸರ್ವರ್‌ಗಳಿಗೆ ಪ್ರೈಮರಿ 2 ಅಂತ ಬದಲಾಯಿಸಿ, ಅಥವಾ ಫೀಚರ್ ಆಫ್ ಮಾಡಿ. ನಾನಾದ್ರೆ ಆಫ್ ಮಾಡ್ತೀನಿ, ಎರಡೂ ಎಚ್ಚರವಾಗಿ ಲೋಡ್ ಹೊತ್ತಿದ್ರೆ ಎರಡೂ ಕೆಲಸ ಮಾಡ್ತಿದೆ ಅಂತ ದಿನಾ ಕಣ್ಣಿಗೆ ಕಾಣತ್ತೆ, ಮಲಗಿರೋದು ಬೇಕಾದ ದಿನ ಏಳತ್ತಾ ಅನ್ನೋ ಯೋಚನೆ ಇರಲ್ಲ.

ಜಿಪಿಯು_ನೋಡ್

ನಮ್ಮ ಕಡೆಯಿಂದ ಒಂದು ಸೇರಿಸ್ತೀನಿ, ಯಾಕಂದ್ರೆ ಈಗ ಎಲ್ರೂ ಜಿಪಿಯು ಸರ್ವರ್ ತರ್ತಿದಾರೆ. ಎನ್‌ವಿಡಿಯಾ ಡಿಜಿಎಕ್ಸ್ ಎ100 ನಲ್ಲಿ ಆರು ಪಿಎಸ್‌ಯು, 3+3, ಮೂರು ಹೋದ್ರೂ ನಡೆಯತ್ತೆ, ಎರಡು ಫೀಡ್‌ಗೆ ಸರಿ ಹೊಂದತ್ತೆ. ಅದರ ನಂತರದ ಡಿಜಿಎಕ್ಸ್ ಎಚ್100 ನಲ್ಲೂ ಆರೇ, ಒಂದೊಂದೂ 3.3 ಕಿಲೋವಾಟ್, ಆದ್ರೆ ಮಷಿನ್ 10.2 ಕಿಲೋವಾಟ್ ವರೆಗೆ ಎಳೆಯೋದ್ರಿಂದ ಅದು 4+2. ಕನಿಷ್ಠ ನಾಲ್ಕು ಜೀವಂತ ಇರ್ಬೇಕು. ಇದನ್ನ ಹಳೇ ಅಭ್ಯಾಸದಲ್ಲಿ ಮೂರು ಎ ಗೆ ಮೂರು ಬಿ ಗೆ ಹಾಕಿದ್ರೆ ಒಂದು ಫೀಡ್ ಹೋದಾಗ ಉಳಿಯೋದು ಮೂರು, ಮಷಿನ್ ಬಿತ್ತು. ಎರಡೆರಡಾಗಿ ಮೂರು ಫೀಡ್‌ಗೆ ಹಾಕಿದ್ರೆ ಮಾತ್ರ ಫೀಡ್ ಹೋದ್ರೂ ನಾಲ್ಕು ಉಳಿಯತ್ತೆ. ಪಿಎಸ್‌ಯು ಎಣಿಸೋದಲ್ಲ, ಒಂದು ಫೀಡ್ ಕಿತ್ತ ಮೇಲೆ ಎಷ್ಟು ಉಳಿಯತ್ತೆ, ಮಷಿನ್‌ಗೆ ಎಷ್ಟು ಬೇಕು, ಈ ಎರಡನ್ನ ಪಕ್ಕಪಕ್ಕ ಇಟ್ಟು ನೋಡ್ಬೇಕು.

ಬೇಗ_ಮುಗಿಸಿ

ಬ್ರೇಕರ್ ಲೆಕ್ಕ ಒಪ್ತೀನಿ, ನಾನು ಪಿಎಸ್‌ಯು ವರೆಗೆ ಮಾತ್ರ ನೋಡಿದ್ದು. ಆದ್ರೆ ನನ್ನ ವಾದದ ಇನ್ನೊಂದು ಭಾಗ ಬಿಡಲ್ಲ, ಹೆಸರಿನ ಗರಿಷ್ಠಕ್ಕೆ ಪವರ್ ಎತ್ತಿಟ್ಟು ಕೂರೋದು ಸರಿ ಅಲ್ಲ. ಅದಕ್ಕೆ ದಾರಿ ಪವರ್ ಕ್ಯಾಪ್. ಬ್ಲೇಡ್‌ಗೆ ನೀನು ಇಷ್ಟೇ ಎಳೀಬೇಕು ಅಂತ ಮಿತಿ ಹಾಕಿದ್ರೆ ಕಂಟ್ರೋಲರ್ ಅಷ್ಟನ್ನೇ ಎತ್ತಿಡತ್ತೆ. ಗ್ರಿಡ್ ಮೋಡ್ ಇಟ್ಕೊಂಡೇ ಜಾಗ ಮಾಡಬಹುದು.

ಪಿಡಿಯು_ಬ್ರೇಕರ್

ಇದಕ್ಕೆ ನನ್ನ ಪೂರ್ತಿ ಬೆಂಬಲ. ಕ್ಯಾಪ್ ಹಾಕಿದ್ರೆ ಪ್ರೊಸೆಸರ್ ಪೀಕ್‌ನಲ್ಲಿ ಸ್ವಲ್ಪ ನಿಧಾನ ಆಗತ್ತೆ, ಅದು ಎಲ್ಲಿ ಪರವಾಗಿಲ್ಲವೋ ಅಲ್ಲಿ ಹಾಕಿ. ರಾತ್ರಿಪಾಳಿ ಅವ್ರೆ, ನಿಮ್ಮ 14ರಲ್ಲಿ ಪ್ರೊಡಕ್ಷನ್ ಎಷ್ಟು, ಟೆಸ್ಟ್ ಎಷ್ಟು?

ರಾತ್ರಿಪಾಳಿ_ರ್‍ಯಾಕ್

ಎಲ್ರಿಗೂ ತುಂಬಾ ಥ್ಯಾಂಕ್ಸ್, ರ್‍ಯಾಕ್ ಹಿಂದೆ ಹೋಗಿ ಬಂದೆ. ಕೇಬಲ್_ಲೇಬಲ್ ಸರ್ ಹೇಳಿದ ಹಾಗೆ ಮೊದಲು ಡಿಸ್‌ಪ್ಲೇ ನೋಡಿದೆ. ಎ ಪಿಡಿಯು 6.2 ಆಂಪ್, ಬಿ ಪಿಡಿಯು 12.8. ಟಾರ್ಚ್ ಹಿಡ್ಕೊಂಡು ಒಂದೊಂದೇ ಕಾರ್ಡ್ ಫಾಲೋ ಮಾಡಿದೆ, ಪಿಎಸ್‌ಯು 3ರ ಕಾರ್ಡ್ ಕೇಬಲ್ ಕಟ್ಟಿನ ಹಿಂದಿನಿಂದ ದಾಟಿ ಬಿ ಗೆ ಹೋಗಿದೆ. ಎ ನಲ್ಲಿ ಎರಡು, ಬಿ ನಲ್ಲಿ ನಾಲ್ಕು. ಬಿ ಹೋಗಿದ್ರೆ ಉಳೀತಿದ್ದದ್ದು 4800 ವಾಟ್, ನಮ್ಮ ಪೀಕ್ 5600. ಕಂಟ್ರೋಲರ್ ಇಷ್ಟು ದಿನವೂ ರಿಡಂಡೆಂಟ್ ಅಂತಾನೇ ತೋರಿಸ್ತಿತ್ತು. ಪಿಡಿಯು ಎರಡೂ ಬೇರೆ ಬೇರೆ ಯುಪಿಎಸ್‌ಗೆ ಹೋಗತ್ತೆ ಅಂತ ಎಲೆಕ್ಟ್ರಿಕಲ್ ಟೀಮ್ ಡ್ರಾಯಿಂಗ್ ತೋರಿಸಿ ಖಾತ್ರಿ ಮಾಡಿದ್ರು.

ಬ್ಲೇಡ್‌ಗಳಲ್ಲಿ 6 ಪ್ರೊಡಕ್ಷನ್, ಒಂದೊಂದಕ್ಕೆ 450 ಎತ್ತಿಟ್ಟಿದೆ. 8 ಟೆಸ್ಟ್, ಒಂದೊಂದಕ್ಕೆ 400. ಫ್ಯಾನ್, ಸ್ವಿಚ್ ಮಾಡ್ಯೂಲ್ ಎಲ್ಲಾ ಸೇರಿ 1000. ಪೇಜಲ್ಲಿರೋ ಅಂಕಿ ಇನ್‌ಪುಟ್ ವಾಟ್.

ಪಿಎಸ್‌ಯು 3ರ ಕಾರ್ಡ್ ಓಡ್ತಿರುವಾಗಲೇ ತೆಗೆದು ಎ ಗೆ ಹಾಕಬಹುದಾ?

ಕೇಬಲ್_ಲೇಬಲ್

ಹಾಕಬಹುದು, ಆದ್ರೆ ಲೋಡ್ ಕಡಿಮೆ ಇರೋ ಹೊತ್ತಲ್ಲಿ. ಮೊದಲು ಬೇರೆ ಐದೂ ಪಿಎಸ್‌ಯು ಆರೋಗ್ಯವಾಗಿದೆ ಅಂತ ನೋಡಿ, ಇವೆಂಟ್ ಲಾಗ್‌ನಲ್ಲಿ ಹಳೇ ಪವರ್ ಎರರ್ ಏನಾದ್ರೂ ಇದ್ರೆ ಅದನ್ನ ಮೊದಲು ಬಗೆಹರಿಸಿ. ಕಾರ್ಡ್ ತೆಗೀರಿ, ಆ ಪಿಎಸ್‌ಯು ಎಲ್‌ಇಡಿ ಪೂರ್ತಿ ಆರೋವರೆಗೆ ಕಾಯಿರಿ, ಆಮೇಲೆ ಎ ಗೆ ಹಾಕಿ. ಪಿಎಸ್‌ಯುನೇ ಹೊರಗೆ ಎಳೀಬೇಡಿ, ಅಗತ್ಯ ಇಲ್ಲ. ಖಾಲಿ ಬಿಟ್ರೆ ಆ ತೂತಿಂದ ಗಾಳಿ ಅಡ್ಡದಾರಿ ಹಿಡಿಯತ್ತೆ. ಇದು ಎಲ್ರಿಗೂ ಹೇಳೋ ಮಾತು, ಪಿಎಸ್‌ಯು ಸತ್ರೆ ಹೊಸದು ಕೈಗೆ ಬರೋವರೆಗೆ ಸತ್ತದ್ದನ್ನ ಅಲ್ಲೇ ಬಿಡಿ, ಇಲ್ಲಾ ಅಂದ್ರೆ ಬ್ಲ್ಯಾಂಕ್ (ಖಾಲಿ ಸ್ಲಾಟ್ ಮುಚ್ಚೋ ಮುಚ್ಚಳ) ಹಾಕಿ.

ಎ ಕಾರ್ಡ್‌ಗಳಿಗೆ ಒಂದು ಬಣ್ಣ, ಬಿ ಗೆ ಇನ್ನೊಂದು ಬಣ್ಣ ಮಾಡ್ಬಿಡಿ, ಎರಡೂ ತುದಿಗೆ ಲೇಬಲ್. ಇಷ್ಟು ದೊಡ್ಡ ಪಿಎಸ್‌ಯುಗೆ ಸಿ19 ಕಾರ್ಡ್ ಇರತ್ತೆ, ದಪ್ಪ, ಭಾರಕ್ಕೆ ಸ್ವಲ್ಪ ಸ್ವಲ್ಪವೇ ಜಾರತ್ತೆ, ಲಾಕ್ ಇರೋದು ಸಿಕ್ರೆ ಅದನ್ನೇ ಹಾಕಿ.

ಪಿಡಿಯು_ಬ್ರೇಕರ್

ಕ್ಯಾಪ್ ಲೆಕ್ಕ ಹೀಗೆ ಮಾಡಿ. ಟೆಸ್ಟ್ 8ಕ್ಕೂ 250, ಒಟ್ಟು 2000. ಪ್ರೊಡಕ್ಷನ್ ಹೊಸದು ಸೇರಿ 7, ಅವಕ್ಕೆ 400, ಒಟ್ಟು 2800. ಉಳಿದಿದ್ದು 1000. ಎಲ್ಲಾ ಸೇರಿ 5800, ಅಂದ್ರೆ ಒಂದೇ ಪಿಡಿಯು ಮೇಲೆ ಬಂದ್ರೂ 25.2 ಆಂಪ್, 25.6ರ ಒಳಗೆ. ಮ್ಯಾನೇಜ್‌ಮೆಂಟ್ ಸ್ವಿಚ್ ಕೂಡ ಇರೋದ್ರಿಂದ ಗೆರೆ ಮೇಲೆ ನಿಂತ ಹಾಗಾಗತ್ತೆ, ಆದ್ರೂ ಎಲ್ಲಾ ಬ್ಲೇಡೂ ಒಟ್ಟಿಗೆ ಕ್ಯಾಪ್ ಮುಟ್ಟೋದು ಅಪರೂಪ. ಮೊದಲು ಒಂದೆರಡು ಪ್ರೊಡಕ್ಷನ್ ಬ್ಲೇಡ್‌ನ ಪೀಕ್ ಹಿಸ್ಟರಿ ನೋಡಿ, 400 ಅದಕ್ಕೆ ಕೆಳಗೆ ಬೀಳ್ತಿದ್ರೆ ಹಾಕ್ಬೇಡಿ, ಟೆಸ್ಟ್‌ನಲ್ಲೇ ಇನ್ನಷ್ಟು ಕಡಿತ ಮಾಡಿ. ಪ್ರಯಾರಿಟಿನೂ ಹೊಂದಿಸಿ, ಪ್ರೊಡಕ್ಷನ್ ಮೇಲೆ, ಟೆಸ್ಟ್ ಕೆಳಗೆ.

ಎಲ್ಲಾ ಆದ್ಮೇಲೆ ಫೀಡ್ ಟೆಸ್ಟ್ ಮಾಡಿ. ಒಂದು ಪಿಎಸ್‌ಯು ಕಾರ್ಡ್ ಎಳೆಯೋದು ಟೆಸ್ಟ್ ಅಲ್ಲ, ಪಿಡಿಯುನ ಬ್ರೇಕರೇ ಆರಿಸ್ಬೇಕು, ಮೆಂಟೆನೆನ್ಸ್ ಸಮಯ ಕೇಳಿ ತಗೊಂಡು, ಬ್ಲೇಡ್‌ಗಳ ಮೇಲೆ ಲೋಡ್ ಹಾಕಿ. ಸುಮ್ನೆ ಕೂತಿರೋ ಚಾಸಿ ಮೇಲೆ ಫೀಡ್ ಟೆಸ್ಟ್ ಮಾಡಿ ಪಾಸ್ ಅಂತ ಬರ್ಕೊಳ್ಳೋದ್ರಲ್ಲಿ ಅರ್ಥ ಇಲ್ಲ. ಒಂದು ಕಡೆ ಆರಿಸಿ ಕನಿಷ್ಠ ಅರ್ಧ ಗಂಟೆ ಬಿಡಿ, ಬ್ರೇಕರ್ ಬಿಸಿಯಾಗಿ ಟ್ರಿಪ್ ಆಗೋದಿದ್ರೆ ಆಗಲೇ ಗೊತ್ತಾಗತ್ತೆ. ಆಮೇಲೆ ಅದನ್ನ ಹಾಕಿ, ಮೂರೂ ಪಿಎಸ್‌ಯು ವಾಪಸ್ ಬಂತು ಅಂತ ಖಾತ್ರಿ ಆದ್ಮೇಲೆ ಮಾತ್ರ ಇನ್ನೊಂದು ಕಡೆ.

ರಾತ್ರಿಪಾಳಿ_ರ್‍ಯಾಕ್

ಮಾಡಿ ಮುಗಿಸಿದ್ವಿ. ಕಾರ್ಡ್ ಸರಿ ಮಾಡಿದ್ಮೇಲೆ ಎರಡೂ ಪಿಡಿಯು ಸಮಕ್ಕೆ ಬಂತು. ಕ್ಯಾಪ್ ಹಾಕಿದ ತಕ್ಷಣ ಅಲೊಕೇಟೆಡ್ ಇಳೀತು, 15ನೇ ಬ್ಲೇಡ್ ಗ್ರಿಡ್ ಮೋಡ್‌ನಲ್ಲೇ ಆನ್ ಆಯ್ತು. ಲೋಡ್ 5500 ವರೆಗೆ ಏರಿಸಿ ಎ ಆರಿಸಿದ್ವಿ, ಬಿ 24 ಆಂಪ್‌ಗೆ ಹೋಗಿ ನಿಂತಿತು, ಫ್ಯಾನ್ ಸದ್ದು ಜೋರಾಯ್ತು, ಒಂದು ಬ್ಲೇಡೂ ರೀಬೂಟ್ ಆಗ್ಲಿಲ್ಲ. ಆಮೇಲೆ ಬಿ ಆರಿಸಿದ್ವಿ, ಚಾಸಿ ಗಟ್ಟಿಯಾಗಿ ನಿಂತಿತು, ಆದ್ರೆ ಒಂಟಿ ಕಾರ್ಡ್‌ನ ಆ ಮ್ಯಾನೇಜ್‌ಮೆಂಟ್ ಸ್ವಿಚ್ ಆಫ್ ಆಗಿ ಚಾಸಿ ಒಳಗೆ ಏನಾಗ್ತಿದೆ ಅಂತ ನೋಡೋಕೇ ಆಗ್ಲಿಲ್ಲ. ಅದಕ್ಕೇನು ಮಾಡ್ಲಿ? ಎರಡು ಪಿಎಸ್‌ಯು ಇರೋ ಸ್ವಿಚ್‌ಗೆ ಸದ್ಯಕ್ಕೆ ಬಜೆಟ್ ಇಲ್ಲ.

ಹನ್ನೆರಡು_ವೋಲ್ಟ್

ರ್‍ಯಾಕ್‌ಗೆ ಹಾಕೋ ಸಣ್ಣ ಟ್ರಾನ್ಸ್‌ಫರ್ ಸ್ವಿಚ್ ಸಿಗತ್ತೆ, ಎರಡು ಫೀಡ್ ಒಳಗೆ, ಒಂದು ಹೊರಗೆ. ಪಿಎಸ್‌ಯು ಒಳಗಿನ ದೊಡ್ಡ ಕೆಪಾಸಿಟರ್ ಎಸಿ ಪೂರ್ತಿ ಹೋದ್ಮೇಲೂ ಸಾಮಾನ್ಯವಾಗಿ 10ರಿಂದ 20 ಮಿಲಿಸೆಕೆಂಡ್ ಎಳೆಯತ್ತೆ, 50 ಹರ್ಟ್ಸ್‌ನಲ್ಲಿ ಒಂದು ಪೂರ್ತಿ ಸೈಕಲ್ ಅಂದ್ರೆ 20. ಟ್ರಾನ್ಸ್‌ಫರ್ ಆ ಅವಧಿ ಒಳಗೆ ಮುಗೀಬೇಕು, ಡೇಟಾಶೀಟ್‌ನಲ್ಲಿ ಅದನ್ನ ನೋಡಿ ತಗೊಳ್ಳಿ. ಅದನ್ನ ಮ್ಯಾನೇಜ್‌ಮೆಂಟ್ ಸ್ವಿಚ್‌ಗೆ ಮಾತ್ರ ಬಳಸಿ, ಎರಡು ಪಿಎಸ್‌ಯು ಇರೋ ಸರ್ವರ್‌ನ ಎರಡೂ ಕಾರ್ಡ್ ಅದಕ್ಕೆ ಹಾಕೋರನ್ನ ನೋಡಿದೀನಿ, ಆ ಡಬ್ಬ ಕೆಟ್ರೆ ಎರಡೂ ಹೋಯ್ತು.

ಮತ್ತೊಂದು ಬಾಕಿ ಇದೆ. ಎರಡೂ ಫೀಡ್ ಹೋಗಿ ವಾಪಸ್ ಬಂದಾಗ 15 ಬ್ಲೇಡೂ ಒಂದೇ ಸಲ ಆನ್ ಆದ್ರೆ ಇನ್‌ರಷ್ (ಆನ್ ಆದ ಕ್ಷಣ ಒಮ್ಮೆಲೇ ನುಗ್ಗೋ ಕರೆಂಟ್) ಮತ್ತು ಬೂಟ್ ಲೋಡ್ ಸೇರಿ ಬ್ರೇಕರ್ ಮತ್ತೆ ಬೀಳಬಹುದು. ಪವರ್ ರಿಕವರಿ ಸೆಟ್ಟಿಂಗ್‌ನಲ್ಲಿ ಡಿಲೇ ಇರತ್ತೆ, ಪ್ರೊಡಕ್ಷನ್ ಬ್ಲೇಡ್‌ಗಳಿಗೆ ಬೇರೆ ಬೇರೆ ಸೆಕೆಂಡ್ ಕೊಡಿ, ಸ್ಟೋರೇಜ್ ಮೊದಲು ಏಳೋ ಹಾಗೆ ನೋಡ್ಕೊಳ್ಳಿ. ಟೆಸ್ಟ್ ಎಂಟನ್ನೂ "ಆಫ್ ಆಗಿಯೇ ಇರಲಿ" ಗೆ ಹಾಕಿ.

ರಾತ್ರಿಪಾಳಿ_ರ್‍ಯಾಕ್

ಟ್ರಾನ್ಸ್‌ಫರ್ ಸ್ವಿಚ್‌ಗೆ ಕೇಳ್ತೀನಿ. ರಿಕವರಿ ಸೆಟ್ಟಿಂಗ್ ನೋಡಿದೆ, ಎಲ್ಲದಕ್ಕೂ "ತಕ್ಷಣ ಆನ್" ಅಂತ ಇತ್ತು, ಸ್ಟೋರೇಜ್‌ಗೆ ಬೇಕಾಗೋ ಟೈಮ್ ಅಳೆದು ಬದಲಾಯಿಸ್ತೀನಿ. 16ನೇ ಸ್ಲಾಟ್‌ಗೆ ತ್ರೀ ಫೇಸ್ ಪಿಡಿಯು ಬರೋವರೆಗೆ ಬ್ಲ್ಯಾಂಕ್ ಹಾಕಿಟ್ಟಿದೀನಿ.